ನಿಮಿಷಕ್ಕೆ ಐದು ಪದ

ಸ್ವಂತ ಯಂತ್ರದಿಂದ ಊರೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು ಹತ್ತಿದವನು ನಗೆಪಾಟಲಾಗಲು ಬೇರೆ ಕಾರಣ ಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ ಬಂದ ನನಗೆ ಆ ಹುಚ್ಚು ಹತ್ತಿತು. ಅಲ್ಲಿಂದ ಮುಂದೆ ಒಂದಲ್ಲ ಒಂದು ನಡೆಯುತ್ತಲೇ ಬಂತು.

ಮಹಡಿಯ ಮೇಲಿನ ಜಾತಿಗಳು

ವಡಪಳನಿಯಲ್ಲಿ ಗೆಳೆಯನೊಬ್ಬನ ಮನೆಯ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಸೇರುತ್ತಿದ್ದೆವು. ಸೇರುತ್ತಿದ್ದದ್ದು ರೇಡಿಯೋ ಕೆಲಸಕ್ಕೆ, ನಡೆಯುತ್ತಿದ್ದದ್ದು ಜಗಳ. ಸರ್ಕಾರ ಕೊಡುವ ಲೈಸೆನ್ಸಿನಲ್ಲಿ ದರ್ಜೆಗಳಿದ್ದವು. ಮೋರ್ಸ್, ಅಂದರೆ ಹಳೇ ತಂತಿಯ ಟಕ್ಕಟಕ್ಕ ಭಾಷೆ, ಬಾರದವರಿಗೆ ಕೆಳಗಿನ ದರ್ಜೆ. ಅವರ ಮಾತು ಊರಿನ ಆಚೀಚೆಗಷ್ಟೇ ಮುಟ್ಟುತ್ತಿತ್ತು. ನಿಮಿಷಕ್ಕೆ ಐದು ಪದ ಕೇಳಿ ಬರೆದರೆ ಎರಡನೇ ದರ್ಜೆ, ಹನ್ನೆರಡು ಬರೆದರೆ ಮೊದಲನೆಯದು. ಇವರಿಗೆ ದೂರದ ಊರುಗಳೂ ಸಿಗುತ್ತಿದ್ದವು. ಮೋರ್ಸ್ ಬರುವವರು ಬಾರದವರನ್ನು ನೋಡುತ್ತಿದ್ದ ರೀತಿಗೆ ನಮ್ಮಜ್ಜಿಯ ಮಡಿಯೇ ವಾಸಿ ಅನ್ನಿಸುತ್ತಿತ್ತು.

ಈ ಮೋರ್ಸ್ ಪರೀಕ್ಷೆಯನ್ನೇ ತೆಗೆದುಹಾಕಬೇಕು ಅನ್ನುವುದು ನನ್ನ ವಾದ. ಅದರ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ತಂತಿ ಮಾಮ. ಮೂರು ತಲೆಮಾರಿನಿಂದ ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲೇ ಇದ್ದ ಕನ್ನಡದ ಮನೆಯವರು, ತಂತಿ ಕಚೇರಿಯಲ್ಲಿ ಮೋರ್ಸ್ ಕುಟ್ಟಿ ನಿವೃತ್ತರಾದವರು.

"ಮೋರ್ಸ್ ಕೋಡ್ ಇಲ್ಲಾಂದ್ರೆ ಅದೆಂಥಾ ರೇಡಿಯೋ ಪಾ? ಮನೇಲಿ ಟೆಲಿಫೋನ್ ಇಟ್ಕೋ, ಪೋದುಂ, ಅಷ್ಟೇ ಸಾಕು" ಅನ್ನುತ್ತಿದ್ದರು.

ಒಂದು ದಿನ ರೇಗಿ ಕೇಳಿದೆ: "ಅದಿರಲಿ ಮಾಮ, ನಿಮ್ಮದು ಯಾವ ದರ್ಜೆ?"

ಮಾಮನ ಹತ್ತಿರ ಲೈಸೆನ್ಸೇ ಇರಲಿಲ್ಲ.

"ನನಗ್ಯಾಕಪ್ಪಾ ಪರೀಕ್ಷೆ? ನೀನು ಹುಟ್ಟಿದ ಸುದ್ದಿ ನಿಮ್ಮಪ್ಪನಿಗೆ ನಾನು ಹೊಡೆದ ತಂತೀಲೇ ಹೋಗಿರತ್ತೆ."

ಬಸ್ಸಿನಲ್ಲಿ ಅಭ್ಯಾಸ

ಕೊನೆಗೆ ಮಾಮನೂ ಪರೀಕ್ಷೆಗೆ ಒಪ್ಪಿದ್ದಕ್ಕೆ ಕಾರಣ ಧಾರವಾಡ. ಕೆಲಸದಲ್ಲಿದ್ದಾಗ ತಂತಿಯ ಆ ತುದಿಗೆ ಕೂತಿದ್ದ ಒಬ್ಬರ ಜೊತೆ, ಬಿಡುವಾದಾಗಲೆಲ್ಲ ಮೋರ್ಸಿನಲ್ಲೇ ಹರಟೆ ಹೊಡೆಯುತ್ತಿದ್ದರಂತೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆ ಧಾರವಾಡದವರು ಈಗ ಹ್ಯಾಮ್ ಲೈಸೆನ್ಸ್ ಪಡೆದು, "ನೀನೂ ಲಗೂನ ತಗೋ. ಇನ್ನ ಎಷ್ಟ ದಿನಾ ಇರ್ತೀವೋ ಏನೋ" ಅಂತ ಕಾಗದ ಬರೆದಿದ್ದರು. ಮಾಮ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಜಗಳ ಬಿಟ್ಟು ಇಬ್ಬರೂ ಒಟ್ಟಿಗೆ ಎರಡನೇ ದರ್ಜೆಗೆ ಅರ್ಜಿ ಹಾಕಿದೆವು.

ಮಾಮ ಹೇಳಿಕೊಟ್ಟ ಅಭ್ಯಾಸವೆಂದರೆ, ಕಣ್ಣಿಗೆ ಬಿದ್ದ ಅಂಗಡಿ ಬೋರ್ಡನ್ನೆಲ್ಲ ಬಾಯಲ್ಲಿ ಮೋರ್ಸ್ ಮಾಡುವುದು; ಗಿಡ್ಡ ಸದ್ದಿಗೆ ಡಿ, ಉದ್ದ ಸದ್ದಿಗೆ ಡಾ. ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸು ಹತ್ತಿ, ಕಿಟಕಿಯಾಚೆ ನೋಡುತ್ತಾ "ಡಿ ಡಾ, ಡಾ ಡಿ ಡಿ" ಅನ್ನುತ್ತಾ ನಿಂತಿದ್ದೆ. ಬೋರ್ಡು ಉದ್ದವಿದ್ದರೆ ದನಿ ಏರುತ್ತಿತ್ತು. ಕೂತಿದ್ದ ಅಜ್ಜಿಯೊಬ್ಬರು ಎದ್ದು, ಕೈಹಿಡಿದು ನನ್ನನ್ನು ತಮ್ಮ ಸೀಟಿನಲ್ಲಿ ಕೂರಿಸಿದರು. ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿ, ಮುರುಗನಿದ್ದಾನೆ, ಎಲ್ಲ ಸರಿಹೋಗುತ್ತೆ ಅಂತ ತಮಿಳಿನಲ್ಲಿ ಧೈರ್ಯ ಹೇಳಿದರು. ನಾನು ಎಲ್ಲಿ ಇಳಿಯಬೇಕು ಅಂತ ಕಂಡಕ್ಟರ್ ಅವರನ್ನೇ ಕೇಳಿದ.

ಮಾಮನ ಪರೀಕ್ಷೆ

ಪರೀಕ್ಷೆಯ ದಿನ ನಾನು ಬೆವರುತ್ತಿದ್ದೆ. ಮಾಮ ಮಾತ್ರ, "ನಿಮಿಷಕ್ಕೆ ಐದು ಪದವಾ? ನಡುವೆ ಎದ್ದು ಕಾಫಿ ಕುಡಿದು ಬರಬಹುದು" ಅಂದರು.

ಟೇಪು ಶುರುವಾಯಿತು. ಒಂದಕ್ಷರ ಬಂದು ಮುಂದಿನದು ಬರುವುದರೊಳಗೆ ಮಾಮ ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಸರಸರ ಏನೋ ಬರೆದು ಪೆನ್ನು ಮುಚ್ಚಿ ಕೂತರು. ಟೇಪು ಇನ್ನೂ ನಾಲ್ಕು ನಿಮಿಷ ಓಡಿತು.

ನಾನು ಪಾಸು, ಮಾಮ ಫೇಲು.

ಅಧಿಕಾರಿ ಮಾಮನನ್ನು ಕರೆದು ಹಾಳೆ ತೋರಿಸಿದರು. ಟೇಪಿನಲ್ಲಿದ್ದದ್ದು, ಅಮ್ಮ ಪೇಟೆಗೆ ಹೋಗಿ ತರಕಾರಿ ತಂದಳು ಅನ್ನುವಂಥ ಇಂಗ್ಲಿಷ್ ಪಾಠ. ಮಾಮ ಬರೆದದ್ದು, "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೇಟ್ಲಿ."

"ಯಾಕೆ ಸಾರ್ ಹೀಗೆ?"

"ಮದರ್ ಅಂತ ಬಂತು ಸಾರ್. ಮೂವತ್ತು ವರ್ಷದಲ್ಲಿ ಮದರ್ ಅಂತ ಶುರುವಾದ ತಂತಿ ಬೇರೇನೂ ಹೇಳಿಲ್ಲ. ನಿಮ್ಮ ಸ್ಪೀಡಿಗೆ ಕಾದ್ರೆ, ಮಗ ಬರೋಷ್ಟರಲ್ಲಿ ಎಲ್ಲಾ ಮುಗಿದಿರತ್ತೆ."

ಅಧಿಕಾರಿ ನಕ್ಕು ಸುಸ್ತಾಗಿ, "ಐದು ನಿಮಗೆ ಆಗಿಬರೋಲ್ಲ. ಮುಂದಿನ ಸಲ ಹನ್ನೆರಡಕ್ಕೆ ಕೂತ್ಕೊಳ್ಳಿ" ಅಂದರು. ಮುಂದಿನ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಧಾರವಾಡದಿಂದ ಕಾಗದ ಒಂದು ದಿನ ತಡವಾದರೂ ಮಾಮನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೂ ಎರಡನೇ ದರ್ಜೆಯಲ್ಲಿ ಫೇಲಾದವರು ಮೊದಲನೆಯದರಲ್ಲಿ ಪಾಸಾಗಿ, ಲೈಸೆನ್ಸ್ ಹಿಡಿದು ವಡಪಳನಿಯ ಮಹಡಿ ಹತ್ತಿದರು.

ಮಾಮ ಮೋರ್ಸಿನಲ್ಲಿ ಕರೆದರು. ಧಾರವಾಡ ಓಗೊಟ್ಟಿತು. ಮಾಮನ ಕಣ್ಣಲ್ಲಿ ನೀರು. ಆದರೆ ಆ ಕಡೆಯವರಿಗೆ ಕೈ ನಡುಕ, ಕಿವಿಯೂ ಮಂದ. ಒಂದೊಂದೇ ಅಕ್ಷರ ಬರುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ನನಗೆ ತಡೆಯಲಾಗಲಿಲ್ಲ.

"ಏನಂತಾರೆ ಮಾಮ?"

"ತಿಂಡಿ ಏನು ಅಂತ ಕೇಳಿದ. ಇಡ್ಲಿ ಅಂದೆ. ಈಗ ಚಟ್ನಿ ಯಾವುದು ಅಂತ ಕೇಳ್ತಿದಾನೆ. ಸುಮ್ನಿರು ಪಾ, ಒಂದಕ್ಷರ ತಪ್ಪಿಸಬೇಡ."