ನಂಜಪ್ಪನವರು ಲೋಡ್ ಆಗುತ್ತಿದ್ದಾರೆ

ಮಗುವಿಗೆ ಹೆಸರಿಡುವುದಾದರೆ ಜನಕ್ಕೇನೂ ಕೊರತೆಯಿಲ್ಲ. ಸೋದರತ್ತೆ ಒಂದು ಹೆಸರು ತರುತ್ತಾಳೆ, ಜೋಯಿಸರು ಒಂದು ಅಕ್ಷರ ಕೊಡುತ್ತಾರೆ, ಏನೂ ತೋಚದ ಚಿಕ್ಕಪ್ಪ ಬಂದು ಊಟ ಮಾಡಿಕೊಂಡು ಹೋಗುತ್ತಾನೆ. ಕಂಪ್ಯೂಟರ್ ಪ್ರೋಗ್ರಾಮಿನ ತುಂಡೊಂದಕ್ಕೆ ಹೆಸರಿಡುವಾಗ ಮಾತ್ರ ಒಂದು ನರಪಿಳ್ಳೆಯೂ ಬರುವುದಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ, ಕೊಬ್ಬರಿ ಅಂಗಡಿಯ ಮಹಡಿಯ ಮೇಲೆ, ಮಾಲೀಕರು ಶನಿವಾರಕ್ಕೊಮ್ಮೆ ಮಾತ್ರ ಹಾಸನದಿಂದ ಬಂದುಹೋಗುವ ಕಂಪ್ಯೂಟರ್ ಸೆಂಟರಿನ ಏಕೈಕ ನೌಕರನಾಗಿ ನಾನು ಇಂಥ ಏಳು ನಾಮಕರಣಗಳನ್ನು ಒಬ್ಬನೇ ಮಾಡಿ ಮುಗಿಸಿದ್ದೇನೆ. ತೊಟ್ಟಿಲು ತೂಗಿದವನೂ ನಾನೇ, ಕಿವಿಯಲ್ಲಿ ಹೆಸರು ಉಸುರಿದವನೂ ನಾನೇ.

ಕೆಲಸವೇನೋ ಸಣ್ಣದು. ಕಣಕಟ್ಟೆಯ ಒಂದು ಹೈಸ್ಕೂಲಿಗೆ ಹಾಜರಿ, ವೇಳಾಪಟ್ಟಿ, ಪ್ರೋಗ್ರೆಸ್ ಕಾರ್ಡು ಇತ್ಯಾದಿ ನೋಡಿಕೊಳ್ಳುವ ಪ್ರೋಗ್ರಾಮು. ಒಂದೊಂದು ಕೆಲಸಕ್ಕೂ ಒಂದೊಂದು ಬೇರೆ ಫೈಲು. ಬರೆದು, ಯಂತ್ರದ ಭಾಷೆಗೆ ಇಳಿಸಿ, ಮುಚ್ಚಿಟ್ಟ ಇಂಥ ಫೈಲಿಗೆ ನಮ್ಮ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಒಳಗೆ ಓದಲು ಒಂದು ವಾರಪತ್ರಿಕೆಯೂ ಸಿಗುವುದಿಲ್ಲ. ಮುಖ್ಯ ಪ್ರೋಗ್ರಾಮಿಗೆ ಇವುಗಳ ಮುಖಪರಿಚಯವಿಲ್ಲ. ಪಟ್ಟಿಯೊಂದರಲ್ಲಿ ಬರೆದಿಟ್ಟ ಹೆಸರು ಓದಿ, ಬೇಕಾದಾಗ ಕೂಗಿ ಕರೆದು, ‘ನಿನಗೇನೇನು ಬರುತ್ತಪ್ಪಾ?’ ಎಂದು ವಿಚಾರಿಸಿ ಕೆಲಸಕ್ಕೆ ಹಚ್ಚುತ್ತದೆ. ಇದಕ್ಕೆ ರಿಫ್ಲೆಕ್ಷನ್ ಎಂದು ಹೆಸರು. ಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಕರೆಯುವ ಗಳಿಗೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಕರೆದಾಗ, ಅಂಥವರು ಯಾರೂ ಸಿಗಲಿಲ್ಲ ಎಂದು ಪರದೆಯ ಮೇಲೆ ಬರುತ್ತದೆ.

ಕಂಪನಿಯ ಹೆಸರು, ಒಂದು ಚುಕ್ಕೆ, ಆಮೇಲೆ ಕೆಲಸದ ಹೆಸರು, ಲೈಬ್ರರಿಗೆ ಹೀಗೆ ಹೆಸರಿಡಬೇಕೆಂದು ನಾನು ಕಸುಬು ಕಲಿತ ಪುಸ್ತಕದಲ್ಲಿ ಬರೆದಿತ್ತು. ನಾನು ಇಡಲಿಲ್ಲ. ಬೇಲೂರಿನವನು ನಾನು. ನಮ್ಮೂರ ಗೈಡುಗಳ ಮಿಮಿಕ್ರಿ ಮಾಡಿಯೇ ದೊಡ್ಡವನಾದೆ: “ಇಲ್ಲಿ ನೋಡಿ ಸಾರ್, ವಿಗ್ರಹದ ಕಾಲ ಕೆಳಗೆ ಕೆತ್ತಿದವನ ಹೆಸರು!” ಆ ಶಿಲ್ಪಿಗಳು ಕೆಲಸಕ್ಕೆ ತಂತಮ್ಮ ಹೆಸರು ಹಾಕಿದರು. ನಾನು ಕಣಕಟ್ಟೆಯ ಸ್ಟಾಫ್ ರೂಮಿನವರ ಹೆಸರು ಹಾಕಿದೆ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಪ್ರೋಗ್ರಾಮಿನ ನೆಪದಲ್ಲಿ ವಾರಕ್ಕೆರಡು ಸಲ ಬಸ್ಸು ಹತ್ತಿ ಆ ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಕನ್ನಡ ಮೇಡಂ ಸರೋಜಮ್ಮ, “ಬಾರಪ್ಪಾ, ಮುದ್ದೆ ಮುರಿ” ಎನ್ನುತ್ತಿದ್ದರು. ಡ್ರಿಲ್ ಮೇಷ್ಟ್ರು ರಂಗಸ್ವಾಮಿ, “ಏನ್ಲಾ, ಇವತ್ತು ಯಾರ ಹಂಗೆ ಮಾತಾಡ್ತೀಯ?” ಎನ್ನುತ್ತಿದ್ದರು. ವಾರದಲ್ಲಿ ಅವೆರಡು ಮಧ್ಯಾಹ್ನ ಬಿಟ್ಟರೆ ನನ್ನನ್ನು ಪ್ರಶ್ನೆ ಕೇಳುತ್ತಿದ್ದದ್ದು ಬಸ್ ಕಂಡಕ್ಟರ್ ಒಬ್ಬರೇ. ಹಾಗಾಗಿ ಎರಡು ಲೈಬ್ರರಿಯಲ್ಲಿ ಮುಗಿಯುವ ಕೆಲಸವನ್ನು ಏಳಕ್ಕೆ ಎಳೆದೆ. ಎಳೆದ ಮೇಲೆ, ಮಹಡಿಯ ನನ್ನ ಕೋಣೆಯಲ್ಲೂ ಅವರೇ ಜೊತೆಗಿರಲಿ ಎಂದು ಹಾಜರಿಗೆ ರಂಗಸ್ವಾಮಿ ಎಂದೆ. ಪ್ರೋಗ್ರೆಸ್ ಕಾರ್ಡಿಗೆ ಸರೋಜಮ್ಮ. ಎಲ್ಲದಕ್ಕೂ ನಿಧಾನವಾಗಿದ್ದ ವೇಳಾಪಟ್ಟಿಗೆ, ಯಾವ ಅರ್ಜಿ ಕೊಟ್ಟರೂ “ನೋಡೋಣ, ಪರಿಶೀಲಿಸೋಣ” ಎನ್ನುವ ಹೆಡ್‌ಮಾಸ್ಟರ್ ನಂಜಪ್ಪನವರ ಹೆಸರು. ಪರದೆಯ ಮೇಲೆ ಒಬ್ಬೊಬ್ಬರ ಹೆಸರು ಬಂದಂತೆ ಅವರವರ ಧ್ವನಿಯಲ್ಲೇ ಉತ್ತರ ಕೊಡುತ್ತಿದ್ದೆ. ಕೆಳಗಿನ ಕೊಬ್ಬರಿ ಅಂಗಡಿಯವರು ಮೇಲೆ ದೊಡ್ಡ ಆಫೀಸೇ ನಡೆಯುತ್ತಿದೆ ಎಂದುಕೊಂಡಿದ್ದರಂತೆ.

ಪ್ರದರ್ಶನದ ದಿನ ಬಂತು. ಸ್ಟಾಫ್ ಎಲ್ಲಾ ಕಂಪ್ಯೂಟರಿನ ಸುತ್ತ ನಿಂತಿದ್ದರು. ಯಾವ ಯಾವ ಲೈಬ್ರರಿ ಬಂತೆಂದು ತೋರಿಸುವ ಸಾಲನ್ನು ತೆಗೆದುಹಾಕಲು ನಾನು ಮರೆತಿದ್ದೆ. ಪರದೆಯ ಮೇಲೆ ಮೊದಲು ಮೂಡಿದ್ದು: ‘ರಂಗಸ್ವಾಮಿ ಸಿದ್ಧ’. ಆಮೇಲೆ: ‘ನಂಜಪ್ಪ ಲೋಡ್ ಆಗುತ್ತಿದ್ದಾರೆ, ದಯವಿಟ್ಟು ಕಾಯಿರಿ’. ಕಾದೆವು. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಕಾದೆವು.

“ನನಗಿಂತ ಮುಂಚೆ ನೀವು ಸಿದ್ಧರಾದ್ರಲ್ಲಾ ರಂಗಸ್ವಾಮಿ,” ಎಂದರು ಹೆಡ್‌ಮಾಸ್ಟರು.

“ಡ್ರಿಲ್ ಮಾಡೀ ಮಾಡೀ ಅಭ್ಯಾಸ ಸಾರ್!”

ಸ್ಟಾಫ್ ಎಲ್ಲಾ ನಕ್ಕರು. ಹೆಡ್‌ಮಾಸ್ಟರೂ ನಕ್ಕರು. ಬೈದಿದ್ದರೆ ಒಳ್ಳೆಯದಿತ್ತು, ಬೈಸಿಕೊಂಡವನು ಕ್ಷಮೆ ಕೇಳಲಿಕ್ಕಾದರೂ ಮತ್ತೆ ಬರಬಹುದು. ಅವರು ಮೃದುವಾಗಿ, “ಹೆಸರುಗಳನ್ನ ಬದಲಾಯಿಸಿಬಿಡ್ರಿ. ಇವತ್ತೇ ಮುಗಿದುಹೋಗಲಿ. ಪಾಪ, ಇನ್ನು ನಿಮ್ಮನ್ನ ಅಲೆದಾಡಿಸೋದಿಲ್ಲ” ಎಂದರು.

ಅಲ್ಲೇ ಕೂತು ಏಳು ಲೈಬ್ರರಿಗಳಿಗೂ ಪುಸ್ತಕದ ಪ್ರಕಾರ ಹೊಸ ಹೆಸರಿಟ್ಟೆ. ಕರೆಯುವ ಪಟ್ಟಿಯಲ್ಲೂ ಆರು ಹೆಸರು ತಿದ್ದಿದೆ. ಏಳನೆಯದು ಮರೆತುಹೋಯಿತು. ಮರೆತದ್ದೋ ಬಿಟ್ಟದ್ದೋ ಎಂದು ನೀವು ಕೇಳಬಾರದು, ನಾನು ಹೇಳಬಾರದು. ಪ್ರೋಗ್ರೆಸ್ ಕಾರ್ಡಿಗೆ ಪರೀಕ್ಷೆಯವರೆಗೂ ಯಾರೂ ಕೈಹಾಕುವುದಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎಂದು ಕೈಕುಲುಕಿ ಕಳಿಸಿದರು.

ಮೂರು ವಾರ ಫೋನು ಬರಲಿಲ್ಲ. ದೋಷವಿಲ್ಲದ ಪ್ರೋಗ್ರಾಮು ಬರೆದವನಿಗೆ ಇಂಥ ಶಿಕ್ಷೆಯಿದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾಲ್ಕನೆಯ ಸೋಮವಾರ ಫೋನು ಬಂತು, ಆ ಕಡೆ ಸರೋಜಮ್ಮ.

“ಏನಪ್ಪಾ, ಪ್ರೋಗ್ರೆಸ್ ಕಾರ್ಡ್ ಒತ್ತಿದ್ರೆ ಸರೋಜಮ್ಮ ಸಿಗಲಿಲ್ಲ ಅಂತ ಬತ್ತೈತೆ. ನಾನು ಅದರ ಮುಂದೇನೇ ಕುಂತಿದೀನಿ!”

ಹಿಂದಿನಿಂದ ರಂಗಸ್ವಾಮಿಯವರ ಕೂಗು: “ಹಂಗಾದ್ರೆ ಇವತ್ತು ಶಾಲೆಗೆ ರಜಾನಾ ಕೇಳಿ ಮೇಡಂ!”

ನಾನು ನಂಜಪ್ಪನವರ ಧ್ವನಿಯಲ್ಲಿ ಗಂಭೀರವಾಗಿ, “ನೋಡೋಣ, ಪರಿಶೀಲಿಸೋಣ” ಎಂದೆ.

“ಹೆಡ್‌ಮಾಸ್ಟರ್ ಇಲ್ಲೇ ಅವ್ರೆ ಕಣೋ, ಇನ್ನೊಬ್ರು ಬ್ಯಾಡ. ನಿನ್ ಧ್ವನೀಲಿ ಹೇಳು. ಬತ್ತೀಯೋ ಇಲ್ವೋ?”

ನನ್ನ ಧ್ವನಿ. ಮೂರು ವಾರದಿಂದ ಆ ಕೋಣೆಯಲ್ಲಿ ಅದನ್ನು ಉಪಯೋಗಿಸುವ ಪ್ರಮೇಯವೇ ಬಂದಿರಲಿಲ್ಲ. ಎಲ್ಲಿಟ್ಟಿದ್ದೆನೆಂದು ಸ್ವಲ್ಪ ಹೊತ್ತು ಹುಡುಕಿದೆ, ಗಂಟಲು ಸರಿಮಾಡಿಕೊಂಡೆ, ನೀರು ಕುಡಿದೆ.

“ಬತ್ತೀನಿ ಮೇಡಂ,” ಎಂದೆ.

ಬಾಯಿಂದ ಬಂದದ್ದು ಸಾಕ್ಷಾತ್ ಸರೋಜಮ್ಮನವರ ಧ್ವನಿ.