ಮನೋಹರನ ತುಕ್ಕು ಸಂಗ್ರಹ

"೧೯೭೪ರ ನಂತರ ಹುಟ್ಟಿದ ಒಂದು ಮೊಳೆಯೂ ನನ್ನ ಸ್ಟೇಷನ್ನಿನೊಳಗೆ ಕಾಲಿಡಕೂಡದು" ಎಂದು ಮನೋಹರ ದೋಸೆ ತಟ್ಟೆಯ ಮುಂದೆ ಕೂತು ಘೋಷಿಸಿದ.

"ಹಂಗಾದ್ರೆ ನೀವೂ ಆಚೆನೇ ನಿಲ್ಬೇಕು" ಎಂದಳು ಹೆಂಡತಿ ಅರ್ಪಿತ, ಚಟ್ನಿ ಬಡಿಸುತ್ತಾ. "ನೀವು ಹುಟ್ಟಿದ್ದು ಎಂಬತ್ಮೂರರಲ್ಲಿ."

ಇಂಥ ಚಿಲ್ಲರೆ ಮಾತಿಗೆಲ್ಲ ಮಹಾಪುರುಷರು ಕಿವಿಗೊಡುವುದಿಲ್ಲ. ಮನೋಹರನೂ ಕೊಡಲಿಲ್ಲ. ಹಗಲೆಲ್ಲ ಏರ್‌ಪೋರ್ಟಿನ ಸರಕು ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಈತ, ದೇವನಹಳ್ಳಿಯ ಬಾಡಿಗೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ರೈಲಿನ ಆಟ ತೆರೆದು ಕೂತನೆಂದರೆ ಇಡೀ ಒಂದು ರೈಲ್ವೆ ಇಲಾಖೆಗೇ ಒಡೆಯ! ಹಳಿ ಹಾಕುವವನೂ ಅವನೇ, ಸಿಗ್ನಲ್ ಇಳಿಸುವವನೂ ಅವನೇ, ಶಿಳ್ಳೆ ಊದುವ ಗಾರ್ಡೂ ಅವನೇ. ಈ ಸಲ ಅವನು ಕಂಪ್ಯೂಟರಿನೊಳಗೆ ಕಟ್ಟಲು ಹೊರಟಿದ್ದು, ಒಂದಾನೊಂದು ಕಾಲದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ತೆವಳಿಕೊಂಡು ಹೋಗುತ್ತಿದ್ದ ಪುಟ್ಟ ಹಳಿಯ ರೈಲನ್ನು, ಅದು ನಿಲ್ಲುತ್ತಿದ್ದ ದೇವನಹಳ್ಳಿ ಸ್ಟೇಷನ್ನನ್ನು.

ಬರೀ ಆಟ ಅಂದುಕೊಳ್ಳಬೇಡಿ. ಇದರ ಹಿಂದೆ ಮಾವ ಇದ್ದರು. ದೇವನಹಳ್ಳಿ ಪಕ್ಕದ ವಿಜಯಪುರದ ಆದಿನಾರಾಯಣಪ್ಪನವರು ೧೯೭೪ರಲ್ಲಿ ಅದೇ ಸ್ಟೇಷನ್ನಿಗೆ ಸೇರಿ, ಹಳಿ ತಿರುಗಿಸುವ, ದೀಪ ತೋರಿಸುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅಳಿಯನ ಬಗ್ಗೆ ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಉದುರಿರಲಿಲ್ಲ. ಮನೋಹರ ಗೇಟು ಹಾಕಿ ಬಂದರೆ ಅವರು ಎದ್ದು ಹೋಗಿ ಚಿಲಕ ನೋಡಿ ಬರುತ್ತಿದ್ದರು. ಅಂಥವರ ಕಣ್ಣ ಮುಂದೆ ಅವರದೇ ಸ್ಟೇಷನ್ನನ್ನು ಇದ್ದದ್ದು ಇದ್ದ ಹಾಗೇ ತಂದು ನಿಲ್ಲಿಸಿಬಿಟ್ಟರೆ? ಮೆಚ್ಚದೆ ಎಲ್ಲಿಗೆ ಹೋಗುತ್ತಾರೆ!

ಎಡವಟ್ಟಾದದ್ದು ಸಾಮಾನು ಹುಡುಕುವುದರಲ್ಲಿ. ಈ ಆಟದಲ್ಲಿ ಮರ, ಬೆಂಚು, ದೀಪ, ಮೇಕೆ, ಏನನ್ನೇ ತಂದಿಟ್ಟರೂ ಅದಕ್ಕೆ 'ಅಸೆಟ್' ಎನ್ನುತ್ತಾರೆ. ಸಿದ್ಧವಾಗಿ ಸಿಗುವ ಅಸೆಟ್‌ಗಳೆಲ್ಲ ವಿಲಾಯಿತಿಯವು. ಹಸು ಎಂದು ಹುಡುಕಿದರೆ ಕಪ್ಪುಬಿಳುಪು ಸೀಮೆಹಸು ಬಂತು. ಮನೆ ಎಂದರೆ ಹೊಗೆಗೂಡಿನ ಬಂಗಲೆ. ಸ್ಟೇಷನ್ ಮಾಸ್ತರು ಎಂದರೆ ಕೋಟು ತೊಟ್ಟ ಕೆಂಪು ಮೂತಿಯ ದೊರೆ! ಮರಗಳ ಪಟ್ಟಿಯಲ್ಲಿ ನೀಲಗಿರಿ ಸಿಕ್ಕಿತೆಂದು ಮುನ್ನೂರು ನೆಟ್ಟ. ಆ ತೋಪುಗಳು ಎಪ್ಪತ್ನಾಲ್ಕರ ನಂತರ ಬಂದವು ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದೇ ತಡ, ಒಂದೇ ಏಟಿಗೆ ಮುನ್ನೂರನ್ನೂ ಕಿತ್ತುಹಾಕಿದ. ಹಿತ್ತಲ ಕಳೆ ಕೀಳಿ ಎಂದರೆ ಸೊಂಟ ನೋವು ಎನ್ನುವವರು ಇವರೇನಾ ಎಂದು ಅರ್ಪಿತ ಕೇಳಿದಳು.

ಕೊನೆಗೆ ಅವನೊಂದು ಮಾರ್ಗ ಕಂಡುಕೊಂಡ. ಹಳೆಯ ವಸ್ತುಗಳ ಫೋಟೋ ತಾನೇ ತೆಗೆಯುವುದು, ಅದನ್ನು ಕಂಪ್ಯೂಟರಿನ ಗೋಡೆಗೆ, ಕಂಬಕ್ಕೆ, ಬೆಂಚಿಗೆ ಅಂಟಿಸುವುದು. ಅಲ್ಲಿಂದ ಮೂರು ತಿಂಗಳು ಈ ಪುಣ್ಯಾತ್ಮ ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ನೇತುಹಾಕಿಕೊಂಡು ತಿರುಗಿದ್ದೇ ತಿರುಗಿದ್ದು. ದೊಡ್ಡಬಳ್ಳಾಪುರದಲ್ಲಿ ತುಕ್ಕು ಹಿಡಿದ ಗೇಟು, ಹೊಸಕೋಟೆಯಲ್ಲಿ ತೂತು ಬಿದ್ದ ಡ್ರಮ್ಮು, ಶಿವಗಂಗೆಯ ದಾರಿಯಲ್ಲಿ ಒಂದು ಕಾಲು ಮುರಿದ ಕಲ್ಲುಬೆಂಚು! ಸಾಸಲಿನಲ್ಲಿ ಭಾಗ್ಯಮ್ಮ ಎಂಬುವರ ಮನೆಯ ಗಾರೆ ಉದುರಿದ ಗೋಡೆಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಾಗ, ಆಕೆ ಇವನನ್ನು ಭೂಸ್ವಾಧೀನದ ಸರ್ವೆಯವನೆಂದು ತಿಳಿದು ಒಳಗಿನಿಂದ ಪಹಣಿ, ಖಾತೆ, ಮುತ್ತಾತನ ಮರಣಪತ್ರ ಎಲ್ಲವನ್ನೂ ತಂದು ಜಗುಲಿಯ ಮೇಲೆ ಹರಡಿದರು. ತಾನು ಬರೀ ಗೋಡೆಯ ಬಿರುಕನ್ನು ನೋಡಲು ಬಂದವನೆಂದಾಗ, ಮನೆಯಲ್ಲಿ ಯಾರೂ ಇಲ್ಲವೇನಪ್ಪಾ ನಿನ್ನ ನೋಡಿಕೊಳ್ಳೋಕೆ ಎಂದು ಮರುಗಿ ಮಜ್ಜಿಗೆ ಕೊಟ್ಟು ಕಳಿಸಿದರು.

ಇನ್ನು ಉಳಿದದ್ದು ಕಿರೀಟಕ್ಕೆ ರತ್ನ. ಪುಟ್ಟ ಹಳಿಯನ್ನು ಕಿತ್ತಾಗ ನಡೆದ ಹರಾಜಿನಲ್ಲಿ ಮಾವ ಪ್ಲಾಟ್‌ಫಾರಂ ಬೆಂಚೊಂದನ್ನೂ ತಾವು ಹಿಡಿಯುತ್ತಿದ್ದ ಕೈದೀಪವನ್ನೂ ಕೊಂಡು ತಂದಿದ್ದರು. ಎರಡೂ ವಿಜಯಪುರದ ಮನೆಯ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಭರ್ಜರಿಯಾಗಿ ತುಕ್ಕು ಹಿಡಿಯುತ್ತಿದ್ದವು. ಕೊಟ್ಟಿಗೆಯ ಗೋಡೆಯೋ, ಹಪ್ಪಳದಂತೆ ಪದರ ಪದರ ಎದ್ದಿತ್ತು. ಮನೋಹರ ಅತ್ತೆ ವರಲಕ್ಷ್ಮಮ್ಮನವರಿಗೆ ಫೋನು ಮಾಡಿ, ಮುಂದಿನ ಭಾನುವಾರ ಕೊಟ್ಟಿಗೆಯ ಫೋಟೋ ತೆಗೆಯಲು ಬರುತ್ತೇನೆ, ಮಾವನಿಗೆ ಹೇಳಬೇಡಿ ಎಂದ. ಅತ್ತೆ ಆಗಲಿ ಎಂದರು. ಗುಟ್ಟು ಅವರ ಹೊಟ್ಟೆಯಲ್ಲಿ ಎಷ್ಟು ಹೊತ್ತು ಉಳಿಯಿತೋ ದೇವರೇ ಬಲ್ಲ.

ಭಾನುವಾರ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ವಿಜಯಪುರಕ್ಕೆ ಹೋಗಿ ಹಿತ್ತಲಿಗೆ ಕಾಲಿಟ್ಟವನು ಇದು ಬೇರೆ ಮನೆಯೇನೋ ಎಂದು ಹಿಂತಿರುಗಿ ನೋಡಿದ. ಕೊಟ್ಟಿಗೆ ಬೆಳ್ಳಗೆ ಹೊಳೆಯುತ್ತಿತ್ತು! ಕೆಳಗೆ ಮೊಣಕಾಲೆತ್ತರ ಕಾವಿಯ ಪಟ್ಟೆ. ಬೆಂಚಿಗೆ ಕನ್ನಡಿಯಂಥ ಹಸಿರು ಪೇಂಟು. ಕೈದೀಪ ಹುಣಸೆಹಣ್ಣಿನ ಉಪಕಾರದಿಂದ ಫಳಫಳ! ಏಣಿಯ ಮೇಲೆ, ತಲೆಗೆ ಟವೆಲ್ಲು ಸುತ್ತಿಕೊಂಡು, ಎಪ್ಪತ್ತೆರಡು ವರ್ಷದ ಮಾವ ಕುಂಚ ಹಿಡಿದು ನಿಂತಿದ್ದರು. ಆ ಮನೆಯಲ್ಲಿ ಸುಣ್ಣ ಬಳಿಯದೆ ಫೋಟೋ ಎಂಬುದೇ ಇಲ್ಲ. ಅದರಲ್ಲೂ ಕ್ಯಾಮೆರಾ ಹಿಡಿದು ಬರುವವನು ಮನೆಯ ಅಳಿಯ. ಮಾವ ನಾಲ್ಕು ದಿನದಿಂದ ಆಳನ್ನೂ ಕರೆಯದೆ ಒಬ್ಬರೇ ಗೇಯ್ದಿದ್ದರಂತೆ.

"ಅಯ್ಯೋ ಮಾವ, ಎಲ್ಲಾ ಹಾಳು ಮಾಡ್ಬಿಟ್ರಲ್ಲ" ಎಂದುಬಿಟ್ಟ ಮನೋಹರ.

ಮಾವ ಏಣಿಯಿಂದ ಇಳಿದರು. ಕುಂಚವನ್ನು ಬಕೆಟ್ಟಿನಲ್ಲಿ ಇಟ್ಟು ಟವೆಲ್ಲಿನಿಂದ ಕೈ ಒರೆಸಿಕೊಳ್ಳತೊಡಗಿದರು. ಒರೆಸುತ್ತಲೇ ಇದ್ದರು. ಅವರಿಗೆ ನೋವಾಗಿತ್ತು, ಅದು ಕುರುಡನಿಗೂ ಕಾಣುವಂತಿತ್ತು. ಅರ್ಪಿತ ಗಂಡನ ಕಡೆ ನೋಡಿದ ನೋಟಕ್ಕೆ ಹಸಿ ಸುಣ್ಣವೂ ಒಣಗಬೇಕು. ಮನೋಹರನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಳ್ಳೆಯ ಮಾತು ಹಾಳಾಗಲಿ, ಇನ್ನು ಈ ಮನೆಯಲ್ಲಿ ಕಾಫಿ ಸಿಕ್ಕರೂ ಪುಣ್ಯ ಅನ್ನಿಸಿತು. ತಪ್ಪಾಯ್ತು ಮಾವ, ನಿಮಗೆ ತೋರಿಸಲೆಂದೇ ನಿಮ್ಮ ಸ್ಟೇಷನ್ನು ಮಾಡಿದ್ದೀನಿ, ಅದಕ್ಕೆ ಹಳೇ ಗೋಡೆ ಬೇಕಿತ್ತು ಎಂದು ತೊದಲುತ್ತಾ ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪು ತೆರೆದು ಅವರನ್ನು ಜಗುಲಿಯ ಮೇಲೆ ಕೂರಿಸಿದ.

ಪರದೆಯ ಮೇಲೆ ದೇವನಹಳ್ಳಿ ಸ್ಟೇಷನ್ನು ಮೂಡಿತು. ಪುಟ್ಟ ರೈಲು ಹೊಗೆ ಬಿಡುತ್ತಾ ಬಂದು ನಿಂತಿತು. ಮಾವ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು. ಸಾಸಲಿನ ಬಿರುಕು ಗೋಡೆಯನ್ನು ನೋಡಿದರು, ಹೊಸಕೋಟೆಯ ತೂತು ಡ್ರಮ್ಮನ್ನು ನೋಡಿದರು, ಶಿವಗಂಗೆಯ ಕುಂಟ ಬೆಂಚನ್ನು ನೋಡಿದರು. ಮನೋಹರ ಅವರ ಮುಖವನ್ನೇ ನೋಡುತ್ತಾ ಕಾದ.

"ಯಾರು ಈ ಸ್ಟೇಷನ್ನ ಹಾಳು ಬಿಟ್ಟೋರು?" ಎಂದರು ಮಾವ.

"ಎಪ್ಪತ್ನಾಲ್ಕರದು ಮಾವ. ಹಳೇದಲ್ವಾ, ಅದಕ್ಕೆ."

"ಎಪ್ಪತ್ನಾಲ್ಕರಲ್ಲಿ ಅದು ಹಳೇದಾಗಿರ್ಲಿಲ್ಲ ಅಳಿಯಂದ್ರೆ. ದಸರಾಕ್ಕೆ ಮುಂಚೆ ಸುಣ್ಣ, ಸಾಹೇಬ್ರು ಬರೋಕ್ ಮುಂಚೆ ಪೇಂಟು. ಬೆಂಚಲ್ಲಿ ಒಂದ್ ಚೂರು ತುಕ್ಕು ಕಂಡಿದ್ರೆ ನನ್ ನೌಕರಿ ಹೋಗಿರೋದು. ನಾನೇನು ಪಾಳುಗುಡಿಲಿ ಕೆಲ್ಸ ಮಾಡಿದ್ನಾ?" ಮಾವ ಕನ್ನಡಕ ತೆಗೆದು ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ಅವತ್ತು ಹೆಂಗಿತ್ತು ಅಂದ್ರೆ, ಹಂಗಿತ್ತು."

ಮನೋಹರ ನೋಡಿದ. ಬಿಳಿ ಗೋಡೆ, ಕಾವಿ ಪಟ್ಟೆ, ಹಸಿರು ಬೆಂಚು, ಹೊಳೆಯುವ ದೀಪ. ಜಿಲ್ಲೆಯ ತುಕ್ಕನ್ನೆಲ್ಲ ಬಾಚಿ ತಂದ ಸಂಶೋಧಕ, ಅಪ್ಪಟ ೧೯೭೪ ಕಣ್ಣ ಮುಂದೆ ಬಂದು ನಿಂತಾಗ ಹಾಳು ಮಾಡಿದಿರಿ ಎಂದು ಗೋಳಾಡಿದ್ದ! ಅರ್ಪಿತ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಿಂದ ತಾಯಿ ಮಗಳ ನಗು ಕೇಳಿಸಿತು. ಇವನು ಅವಸರವಸರವಾಗಿ ಕ್ಯಾಮೆರಾ ತೆಗೆದ.

"ಫೋಟೋ ಆಮೇಲೆ" ಎಂದು ಮಾವ ಕುಂಚವನ್ನು ಅವನ ಕೈಗಿಟ್ಟರು. "ಹಿಂದಿನ ಗೋಡೆ ಬಾಕಿ ಐತೆ."

ರೈಲ್ವೆ ಇಲಾಖೆಯ ಒಡೆಯ ಪ್ಯಾಂಟು ಮಡಚಿ ಏಣಿ ಹತ್ತಿದ. ಎರಡು ಕೈ ಸುಣ್ಣ ಬಳಿದ, ಕೆಳಗೆ ಕಾವಿ ಪಟ್ಟೆ ಎಳೆದ. ಸಂಜೆ ಕಾಫಿ ಲೋಟ ಹಿಡಿದು ಬಂದ ಮಾವ ಗೋಡೆಯ ಉದ್ದಕ್ಕೂ ನಡೆದರು, ಬೆರಳಿನಿಂದ ಉಜ್ಜಿ ನೋಡಿದರು, ಮೂಲೆಗಳನ್ನು ಬಗ್ಗಿ ನೋಡಿದರು. ಆಮೇಲೆ ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿ ಹೇಳಿದರು:

"ಲೇ, ನಾವು ಒಂಬತ್ ವರ್ಷದಿಂದ ಸುಮ್ನೆ ಏನೇನೋ ಅಂದ್ಕೊಂಡಿದ್ವಿ ಕಣೆ. ಈ ಕಂಪ್ಯೂಟರು ಗಿಂಪ್ಯೂಟರು ಬಿಟ್ರೆ, ನಮ್ ಅಳಿಯಂದ್ರು ಬುದ್ಧಿವಂತ್ರೇ."