ಬೋರಿಗೆ ಬಂದ ಕಾರು

ಯಲಬುರ್ಗಾ ತಾಲೂಕಿನ ಹುಡುಗರಿಗೆ ಒಂದು ತಲೆಮಾರು ಸಂಧಿ, ಸಮಾಸ ಕಲಿಸಿದವನು ನಾನು. ನಿವೃತ್ತಿಯ ದಿನ ಕೊರಳಿಗೆ ಬಿದ್ದ ಹಾರ ಬಾಡುವ ಮೊದಲೇ ಒಂದು ಭೀಷಣ ಪ್ರತಿಜ್ಞೆ ಮಾಡಿದೆ: ಬಾಳಿನ ಉತ್ತರಾರ್ಧವನ್ನು ಸ್ಪೋರ್ಟ್ಸ್ ಕಾರಿನಲ್ಲಿಯೇ ಕಳೆಯತಕ್ಕದ್ದು! ‘ವಿರುಪಣ್ಣ ಮಾಸ್ತರರು ಸೈಕಲ್ಲಿನಲ್ಲಿ ಬಂದರು’ ಎಂಬ ವಾಕ್ಯವನ್ನು ಊರು ಅಷ್ಟು ವರ್ಷ ಹೇಳಿತ್ತು. ಕರ್ತೃಪದ, ಕ್ರಿಯಾಪದ ಹಾಗೆಯೇ ಇರಲಿ, ಸೈಕಲ್ಲನ್ನು ಮಾತ್ರ ತಿದ್ದೋಣವೆಂದುಕೊಂಡೆ.

ಗಂಗಾವತಿಯ ಅಕ್ಕಿ ಮಿಲ್ಲಿನ ಮಾಲೀಕರೊಬ್ಬರು ತಮ್ಮ ಹಳೆಯ ಕಾರನ್ನು ಮಾರುವವರಿದ್ದರು. ಕುಂಕುಮದಂಥ ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿ ಕುಳಿತ ಮೈಕಟ್ಟು. ನಿವೃತ್ತಿಯ ಗಂಟಿನ ಅರ್ಧ ಅಲ್ಲಿಯೇ ಕರಗಿತು. ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನಾಕೆ ಮುದಕಮ್ಮ ಅದನ್ನು ಒಂದು ಸುತ್ತು ಹಾಕಿದಳು.

“ಉಳದ ಎರಡ ಬಾಗಲಾ ಎಲ್ಲೆದಾವ?”

“ಇಂಥಾ ಕಾರಿಗೆ ಎರಡ ಇರತಾವ.”

“ಹಂಗಾರ ರೊಕ್ಕಾನೂ ಅರ್ಧಾ ಕೊಟ್ಟೀರೇನು?”

ಒಳಗೆ ಕುಳಿತು ನೋಡಿದಳು. ಕುಳಿತದ್ದು ಸುಲಭವಾಯಿತು, ಎಬ್ಬಿಸಲು ಪಕ್ಕದ ಮನೆಯವರು ಬರಬೇಕಾಯಿತು. ಎದ್ದವಳೇ ನನ್ನಿಂದ ಆಣೆ ಮಾಡಿಸಿಕೊಂಡಳು: ಉಳಿದ ಅರ್ಧ ಗಂಟು ಹಿತ್ತಲಲ್ಲಿ ಬೋರ್‌ವೆಲ್ ಕೊರೆಸಲಿಕ್ಕೆ ಮೀಸಲು, ಕೈ ಹಚ್ಚಕೂಡದು. ಅವಳದು ನ್ಯಾಯವೇ. ನಮ್ಮ ಓಣಿಯ ನಲ್ಲಿ ವಾರಕ್ಕೊಮ್ಮೆ ಕೆಮ್ಮುತ್ತದೆ, ಆ ಕಫವನ್ನೇ ನಾವು ಕೊಡಗಳಲ್ಲಿ ತುಂಬಿಕೊಳ್ಳುತ್ತೇವೆ.

ಒಂದು ದಿನ ಒಬ್ಬನೇ ಕೊಪ್ಪಳಕ್ಕೆ ಹೊರಟಿದ್ದೆ. ತಳಕಲ್ ದಾಟುತ್ತಿದ್ದಂತೆ ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹೊತ್ತಿತು. ಶೃಂಗಾರಕ್ಕೆ ಇಟ್ಟಿರಬೇಕೆಂದು ಮೆಚ್ಚಿಕೊಂಡೆ. ಆಮೇಲೆ ಯಾರೋ ಹುರಿಗಡಲೆ ಜಗಿಯುವಂತೆ ಕಟಕಟ ಸದ್ದು. ಮುಂದಿನಿಂದ ಬಿಳಿಯ ಹೊಗೆ. ಕೊನೆಗೆ ಒಂದು ದೀರ್ಘ ವಿಸರ್ಗ, ಬಳಿಕ ಪೂರ್ಣವಿರಾಮ!

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಕೊಪ್ಪಳದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಮೆಕ್ಯಾನಿಕ್ ಜಾಕೀರ ಮುಚ್ಚಳ ತೆರೆದು ಬಹಳ ಹೊತ್ತು ಇಣುಕಿದ. ಮೇಲೆದ್ದು ಕೈ ಒರೆಸಿಕೊಳ್ಳುತ್ತ, “ಮನ್ಯಾಗ ಹೇಳೀರೇನ್ರಿ ಸರ?” ಎಂದ. ದೊಡ್ಡಾಸ್ಪತ್ರೆಯ ಡಾಕ್ಟರು ಕೇಳುವ ಪ್ರಶ್ನೆ ಅದು. ಇಂಜಿನ್ನಿನ ಎಣ್ಣೆಯಲ್ಲಿ ನೀರು ಸೇರಿದೆ, ಒಳಗಿನ ಸಿಲಿಂಡರುಗಳು ಸವೆದಿವೆ, ಅವನ್ನು ಹೊಸದಾಗಿ ಕೊರೆದು ನುಣುಪು ಮಾಡಬೇಕು ಎಂದು ವಿವರಿಸಿದ. ಗ್ಯಾರೇಜಿನವರ ಭಾಷೆಯಲ್ಲಿ ಅದಕ್ಕೆ ‘ಬೋರಿಗೆ ಬರುವುದು’ ಎನ್ನುತ್ತಾರಂತೆ. ಖರ್ಚು ಎಷ್ಟೆಂದು ಲೆಕ್ಕ ಹಾಕಿ ಫೋನ್ ಮಾಡುವೆನೆಂದ.

ಮನೆಯಲ್ಲಿ ಕಾರು ತೊಳೆಯಲು ಬಿಟ್ಟಿದ್ದೇನೆಂದು ಹೇಳಿದೆ. ಅಂದಿನಿಂದ ಫೋನು ಗುಣುಗಿದರೆ ಅವಳಿಗಿಂತ ಮೊದಲು ಓಡಿ ಎತ್ತಿಕೊಳ್ಳುತ್ತಿದ್ದೆ.

“ಇನ್ನಾ ತೊಳದ ಮುಗಿದಿಲ್ಲೇನ್ರಿ ಅದು?” ಎಂದಳು ನಾಲ್ಕಾರು ದಿನ ಕಳೆದ ಮೇಲೆ.

“ಸಾಬೂನು ಹಚ್ಚಿ ನೆನಿಯಾಕ ಇಟ್ಟಾರ,” ಎಂದುಬಿಟ್ಟೆ.

ಮರುದಿನ ನಾನು ಬಚ್ಚಲಲ್ಲಿದ್ದಾಗ ಫೋನು ಬಂತು. ಮುದಕಮ್ಮ ಅದನ್ನು ಯಾವಾಗಲೂ ಓಣಿಗೆಲ್ಲ ಕೇಳುವಂತೆ ಸ್ಪೀಕರಿಗೆ ಹಾಕಿಯೇ ಮಾತಾಡುವವಳು. ಕಣ್ಣ ತುಂಬ ಸೋಪಿನ ನೊರೆ, ಕಿವಿಯ ತುಂಬ ಜಾಕೀರನ ಧ್ವನಿ.

“ಅಮ್ಮಾರ, ಸರ್‌ಗೆ ಹೇಳ್ರಿ, ಬೋರ್ ಹೊಡಸಾಕ ಬೇಕು. ಎಲ್ಲಾ ಕೂಡಿ ನಾಕ ಲಕ್ಷ ಆಗತೈತಿ.”

“ಆಗಲೇಳಪಾ. ನೀರು ಬರ್ತೈತೇನು?”

“ನೀರು ಆಗಲೇ ಬಂದೈತ್ರಿ. ಎಣ್ಣ್ಯಾಗ ಕೂಡೇತಿ.”

“ಎಣ್ಣೀನೂ ಬಂದೈತಿ?”

“ಕರ್ರಗ, ದಪ್ಪಗ. ಒಂದ ಬಕೆಟ್ ತುಂಬೇತ್ರಿ.”

ನಾನು ಒದ್ದೆ ಮೈಯಲ್ಲೇ ಹೊರಗೆ ಓಡಿ ಬಂದೆ. ಮುದಕಮ್ಮನ ಮುಖ ಹಬ್ಬದ ಮನೆಯಂತಿತ್ತು. “ನನಗ ತಿಳಿಸದ ಬೋರಿಗೆ ಹೇಳಿಬಿಟ್ಟೀರಲ್ಲ, ಭಾಳ ಶಾಣ್ಯಾರ ಬಿಡ್ರಿ,” ಎಂದು ಕಣ್ಣೊರೆಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಅವಳು ನನ್ನನ್ನು ಹೊಗಳಿದ್ದಳು. ಆ ಹೊಗಳಿಕೆ ಚೇಳಿನಂತೆ ಕುಟುಕಿತು. ನಿಜ ಹೇಳಲು ಬಾಯಿ ತೆರೆದೆ. ಅವಳು ಅದರೊಳಗೆ ಒಂದು ತುತ್ತು ಸಿಹಿ ಸಜ್ಜಕ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಮಾಸ್ತರರ ಹಿತ್ತಲಲ್ಲಿ ಎಣ್ಣೆ ಇದೆಯಂತೆ ಎಂದು ಓಣಿಯೆಲ್ಲ ಸುದ್ದಿ. ಒಬ್ಬಾಕೆ ಅದು ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಎಂದು ವಿಚಾರಿಸಿ ಹೋದಳು. ನೀರು ನೋಡುವ ದ್ಯಾಮಣ್ಣ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ತಿರುಗಿದ. ಬೇವಿನ ಗಿಡದ ಬಳಿ ಕಾಯಿ ಎದ್ದು ನಿಂತಿತು. ಜೊತೆಗೆ ನನ್ನ ತಲೆಗೂದಲೂ ನಿಂತವು. ಮರುದಿನವೇ ಕೊರೆಯುವ ಲಾರಿ ಬರುತ್ತದೆ, ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಹಣ ತನ್ನಿರಿ ಎಂದಳು ಮುದಕಮ್ಮ. ಗಂಟು ಒಂದು, ಬೋರ್ ಎರಡು!

ಇನ್ನು ಬಚ್ಚಿಡುವಂತಿರಲಿಲ್ಲ. ಭಯ ಹೆಚ್ಚಾದಾಗ ನನಗೆ ಗ್ರಂಥಭಾಷೆ ಬರುತ್ತದೆ. ಅಷ್ಟೂ ಜನರ ನಡುವೆ ಕರ್ಮಣಿ ಪ್ರಯೋಗದಲ್ಲಿ ನಿವೇದಿಸಿದೆ: “ಕಾರಿನ ಇಂಜಿನ್ನು ಸುಡಲ್ಪಟ್ಟಿದೆ.”

“ಸುಟ್ಟಾವರು ಯಾರು?”

“ನಾನ.”

ಉಳಿದದ್ದೆಲ್ಲ ತಾನಾಗಿಯೇ ಹೊರಬಿತ್ತು: ಹಳದಿ ದೀಪ, ಟ್ರ್ಯಾಕ್ಟರು, ಸಾಬೂನು, ಬಕೆಟ್ಟಿನ ಎಣ್ಣೆ. ದ್ಯಾಮಣ್ಣ ಕಾಯಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ. ಮುದಕಮ್ಮ ಬೈಯಲಿಲ್ಲ. ಬೈಯದ ಮುದಕಮ್ಮನನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಳಕಲ್ಲಿನ ಹೊಗೆಗಿಂತ ಅದು ಹೆಚ್ಚು ಹೆದರಿಸಿತು. ಅವಳು ಸುಮ್ಮನೆ ಫೋನೆತ್ತಿ ಜಾಕೀರನಿಗೆ ಹೇಳಿದಳು, “ತಮ್ಮಾ, ಬೋರ್ ನಾವ ಇಲ್ಲೆ ಹೊಡಸ್ತೀವಿ. ಕಾರ್ ನೀನ ಬಿಚ್ಚಿ ಮಾರ್ಕೋ. ಬಂದಷ್ಟ ಕೊಡು.”

ಹಾಗೆ ನನ್ನ ಸ್ಪೋರ್ಟ್ಸ್ ಕಾರು ಬಿಡಿಭಾಗಗಳಾಗಿ ನಾಡಿನ ನಾಲ್ಕು ದಿಕ್ಕಿಗೂ ಓಡಿತು. ಮೀಸಲು ಗಂಟಿನಲ್ಲಿ ಬೋರ್ ಕೊರೆಸಿ, ಕಾರಿನಿಂದ ಬಂದ ಹಣದಲ್ಲಿ ಅದಕ್ಕೆ ಮೋಟರು ಕೊಂಡೆವು. ಬೇವಿನ ಗಿಡದ ಬುಡದಲ್ಲಿ ನೀರು ಬಂತು, ಬರೀ ನೀರು. ಓಣಿಗೆ ತುಸು ನಿರಾಶೆಯಾಯಿತು.

ಮೋಟರು ಕೂರಿಸಿದ ದಿನ ಮುದಕಮ್ಮ ನನ್ನನ್ನು ಹಿತ್ತಲಿಗೆ ಕರೆದು ಗುಂಡಿ ಒತ್ತಿರೆಂದಳು. ಹೊಗೆಗೆ ಸಿದ್ಧನಾಗಿ, ಕಣ್ಣು ಮುಚ್ಚಿ, ಒತ್ತಿದೆ. ಗುಂಯ್ ಎಂದಿತು. ನೀರು ಚಿಮ್ಮಿ ನನ್ನ ಧೋತರ ತೊಯ್ದಿತು.

“ನೋಡ್ರಿ,” ಎಂದಳು ಅವಳು ಕೊಡವನ್ನು ನೀರಿನ ಕೆಳಗೆ ಸರಿಸುತ್ತ, “ಬಾಗಲಾ ಒಂದೂ ಇಲ್ಲ, ಒಂದ ಸಲಕ್ಕ ಚಾಲೂ ಆತು.”